ಒಂದೇ ದಿನಕ್ಕೆ ಹತ್ತು ಜಾಗ: ಈ ಪಟ್ಟಿ ಇನ್ನು ಸಾಕು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪ್ರವಾಸ ಪುಟ ನೋಡಿದೆ. ‘ಒಂದೇ ದಿನದಲ್ಲಿ ಇಡೀ ನಗರ’ ಅಂತ ದಪ್ಪಕ್ಷರದ ತಲೆಬರಹ. ಕೆಳಗೆ ಹತ್ತು ಜಾಗಗಳ ಪಟ್ಟಿ, ಪಕ್ಕದಲ್ಲೇ ಗಂಟೆ, ನಿಮಿಷ. ಒಂಬತ್ತಕ್ಕೆ ಮ್ಯೂಸಿಯಂ, ಹತ್ತೂಕಾಲಿಗೆ ಅರಮನೆ, ಹನ್ನೊಂದೂವರೆಗೆ ಇನ್ನೊಂದು ಮ್ಯೂಸಿಯಂ, ಆಮೇಲೆ ಗೋಪುರ, ಹೀಗೆ ರಾತ್ರಿಯವರೆಗೆ. ಊಟಕ್ಕೆ ಇಪ್ಪತ್ತು ನಿಮಿಷ ಕೊಟ್ಟಿದ್ದೀರಿ, ದೊಡ್ಡ ಮನಸ್ಸು. ಕ್ಯೂ ನಿಲ್ಲುವುದಕ್ಕೆ, ಶೌಚಾಲಯ ಹುಡುಕುವುದಕ್ಕೆ, ದಾರಿ ತಪ್ಪುವುದಕ್ಕೆ ಒಂದು ನಿಮಿಷವೂ ಇಲ್ಲ. ಇದನ್ನು ಬರೆದವರು ಒಂದು ಸಲವಾದರೂ ಈ ದಾರಿಯಲ್ಲಿ ನಡೆದಿದ್ದಾರೋ, ಇಲ್ಲ ಕುರ್ಚಿಯಲ್ಲಿ ಕೂತು ಮ್ಯಾಪ್ ನೋಡಿ ಬರೆದರೋ ಅಂತ ನನಗೆ ಅನುಮಾನ.

ಸಿಟ್ಟು ಯಾಕೆ ಅಂತ ಕೇಳಬಹುದು. ಯಾಕೆಂದರೆ ಹೋದ ವರ್ಷ ನಾನು ಇಂಥದ್ದೇ ಒಂದು ಪಟ್ಟಿಯನ್ನು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡು ಒಂದು ದೊಡ್ಡ ನಗರಕ್ಕೆ ಹೋಗಿದ್ದೆ. ಜೊತೆಗೆ ಹೆಂಡತಿ, ಹತ್ತು ವರ್ಷದ ಮಗಳು, ಮಂಡಿ ನೋವಿನ ಅಮ್ಮ. ನಗರದ ಹೆಸರು ಬೇಡ, ಮ್ಯೂಸಿಯಂಗಳ ಹೆಸರೂ ಬೇಡ. ಅವರದ್ದೇನೂ ತಪ್ಪಿರಲಿಲ್ಲ. ತಪ್ಪೆಲ್ಲ ನಮ್ಮದು ಮತ್ತು ಆ ಪಟ್ಟಿಯದು.

ಮೊದಲನೇ ಮ್ಯೂಸಿಯಂ ಮುಂದೆ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಿಂತೆವು. ಬಾಗಿಲು ತೆಗೆಯುವುದು ಹತ್ತಕ್ಕೆ. ಸರಿ, ಒಂದು ಗಂಟೆ ಮೆಟ್ಟಿಲ ಮೇಲೆ ಕೂತೆವು. ಪಟ್ಟಿ ಅಲ್ಲಿಗೇ ಹಳಿ ತಪ್ಪಿತು. ತಡ ಆಯಿತಲ್ಲ ಅಂತ ಒಳಗೆ ಓಡಿದೆವು. ಅಕ್ಷರಶಃ ಓಟ. ಕಲ್ಲಿನ ವಿಗ್ರಹಗಳ ಕೋಣೆ ಎರಡು ನಿಮಿಷ, ನಾಣ್ಯಗಳ ಕೋಣೆ ಅರ್ಧ ನಿಮಿಷ, ಬಟ್ಟೆಗಳ ಕೋಣೆಯಲ್ಲಿ ಬೆಳಕು ಕಡಿಮೆ ಇತ್ತು ಅಂತ ಒಳಗೇ ಹೋಗಲಿಲ್ಲ. ಹೆಂಡತಿ ಮುಂದೆ, ನಾನು ಫೋನ್ ಹಿಡಿದುಕೊಂಡು ಹಿಂದೆ, ಮಗಳು ಇಬ್ಬರ ಮಧ್ಯೆ ಎಳೆದಾಡಿಕೊಂಡು. ಅವಳು ಎರಡು ಸಲ ‘ಅಪ್ಪಾ, ಇದೇನು?’ ಅಂತ ಕೇಳಿದಳು. ಎರಡು ಸಲವೂ ‘ಆಮೇಲೆ ಹೇಳ್ತೀನಿ ಬಾ’ ಅಂದೆ. ಆಮೇಲೆ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ, ಅಲ್ವಾ.

ಅಲ್ಲಿಂದ ಅರಮನೆಗೆ. ಅದು ಹೇಗೋ ಮುಗಿಯಿತು, ನೆನಪಿರುವುದು ಚಪ್ಪಲಿ ಬಿಡುವ ಜಾಗದ ನೂಕುನುಗ್ಗಲು ಮಾತ್ರ. ಇನ್ನೊಂದು ಮ್ಯೂಸಿಯಂಗೆ ಹೋದರೆ ಗೇಟಿಗೆ ಬೀಗ. ಅವತ್ತು ವಾರದ ರಜೆ. ಗೇಟಿನ ಪಕ್ಕ ಇಷ್ಟೇ ಇಷ್ಟು ದೊಡ್ಡ ಬೋರ್ಡಿನಲ್ಲಿ ಬರೆದಿತ್ತು, ಪಟ್ಟಿಯಲ್ಲಿ ಬರೆದಿರಲಿಲ್ಲ. ನಮ್ಮ ಹಾಗೇ ಇನ್ನೂ ಇಪ್ಪತ್ತು ಜನ ಆ ಬೋರ್ಡನ್ನು ಓದಿ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿದ್ದರು. ಬಹುಶಃ ಅವರ ಜೇಬಿನಲ್ಲೂ ಅದೇ ಪಟ್ಟಿ ಇತ್ತು.

ಈ ವಾರದ ರಜೆಯ ವಿಷಯ ಸಣ್ಣದಲ್ಲ ಸಾರ್. ಹೊರಡುವ ಮೊದಲು ನೋಡಲೇಬೇಕಾದ ಮೊದಲ ಸಂಗತಿ ಇದು. ಎಲ್ಲ ಕಡೆ ಒಂದೇ ದಿನ ರಜೆ ಇರುವುದಿಲ್ಲ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ. ಅದೇ ಊರಿನಲ್ಲಿ, ನದಿಯ ಆಚೆ ದಡದಲ್ಲಿರುವ ಓರ್ಸೇ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಬುಧವಾರ ರಜೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೋಮವಾರ. ವ್ಯಾಟಿಕನ್ ಮ್ಯೂಸಿಯಂಗಳು ಭಾನುವಾರ ಬಾಗಿಲು ಹಾಕುತ್ತವೆ, ತಿಂಗಳ ಕೊನೆಯ ಭಾನುವಾರ ಮಾತ್ರ ಬೇರೆ. ಇದೆಲ್ಲ ಸೋಮಾರಿತನದ ರಜೆಯಲ್ಲ. ಜನ ಇಲ್ಲದ ದಿನವೇ ಗಾಜಿನ ಪೆಟ್ಟಿಗೆ ತೆಗೆದು ಧೂಳು ಒರೆಸಬೇಕು, ದೀಪ ಬದಲಾಯಿಸಬೇಕು, ಒಂದು ವಸ್ತುವನ್ನು ಒಳಗಿಟ್ಟು ಇನ್ನೊಂದನ್ನು ಹೊರಗಿಡಬೇಕು. ಇನ್ನೊಂದು ಸಂಗತಿ ಕೊನೆಯ ಪ್ರವೇಶದ ಹೊತ್ತು. ಐದಕ್ಕೆ ಮುಚ್ಚುತ್ತಾರೆ ಅಂದರೆ ಟಿಕೆಟ್ ಕೌಂಟರ್ ಅದಕ್ಕಿಂತ ಅರ್ಧ ಗಂಟೆ, ಒಂದು ಗಂಟೆ ಮೊದಲೇ ಮುಚ್ಚಿರುತ್ತದೆ. ಒಳಗಿನ ಕೋಣೆಗಳನ್ನು ಖಾಲಿ ಮಾಡಿಸುವುದಕ್ಕೂ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಶುರು ಮಾಡುತ್ತಾರೆ. ನಾಲ್ಕೂವರೆಗೆ ಓಡಿಬಂದು ಕಾವಲುಗಾರರ ಜೊತೆ ಜಗಳ ಆಡುವವರನ್ನು ನೋಡಿದ್ದೇನೆ. ಒಂದು ಸಲ ನಾನೂ ಆಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅವತ್ತು ರಾತ್ರಿ ಲಾಡ್ಜಿನಲ್ಲಿ ಕಾಲು ನೀಡಿಕೊಂಡು ಕೂತು ಫೋನ್ ತೆಗೆದೆ. ನಾನೂರ ಹನ್ನೆರಡು ಫೋಟೊ. ಮಗಳು ಒಂದೊಂದೇ ಸರಿಸುತ್ತಾ ‘ಇದು ಬೆಳಿಗ್ಗೆದಾ, ಮಧ್ಯಾಹ್ನದ್ದಾ?’ ಅಂತ ಕೇಳಿದರೆ ಹೇಳುವುದಕ್ಕೆ ಬರಲಿಲ್ಲ. ಒಂದು ವಿಗ್ರಹದ ಕೈ, ಒಬ್ಬರ ತಲೆ, ಗಾಜಿನಲ್ಲಿ ನನ್ನದೇ ಮುಖ. ಆಗ ಅಮ್ಮ ಮಾತಾಡಿದರು.

ಅಮ್ಮ ಅವತ್ತು ಮೊದಲನೇ ಮ್ಯೂಸಿಯಂನ ಎರಡನೇ ಕೋಣೆಯಲ್ಲೇ ಸೋತು ಕೂತಿದ್ದರು. ‘ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ’ ಅಂದಿದ್ದರು. ಪಾಪ, ಅಮ್ಮ ಏನೂ ನೋಡಲಿಲ್ಲವಲ್ಲ ಅಂತ ನಾವು ಅಂದುಕೊಂಡಿದ್ದೆವು. ಅವರು ಕೂತಿದ್ದ ಬೆಂಚಿನ ಎದುರಿಗೆ ಗೋಡೆ ತುಂಬ ಒಂದು ಚಿತ್ರ ಇತ್ತಂತೆ, ಹಡಗು ಬಂದು ನಿಂತಿರುವ ಬಂದರು. ನಾನು ಅದರ ಮುಂದೆಯೇ ಹಾದು ಹೋಗಿದ್ದೆ, ಫೋಟೊ ಕೂಡ ತೆಗೆದಿದ್ದೆ. ಅಮ್ಮ ಹೇಳಿದರು: ‘ಎಲ್ಲರೂ ಹಡಗು ನೋಡ್ತಾ ಇದಾರೆ. ಎಡಗಡೆ ಮೂಲೆಯಲ್ಲಿ ಒಬ್ಬಳು ಮಾತ್ರ ಬಗ್ಗಿಕೊಂಡು ಮಗುವಿಗೆ ಚಪ್ಪಲಿ ಹಾಕ್ತಾ ಇದಾಳೆ. ಆ ಮಗು ಒಂದು ಕಾಲು ಎತ್ತಿ ಅವಳ ತಲೆ ಹಿಡಿದುಕೊಂಡಿದೆ. ನೀನೂ ಹಾಗೇ ನನ್ನ ಕೂದಲು ಹಿಡ್ಕೊಳ್ತಾ ಇದ್ದೆ.’ ನಾನು ಫೋಟೊ ಹುಡುಕಿ ದೊಡ್ಡದು ಮಾಡಿ ನೋಡಿದೆ. ಇದ್ದಳು. ಬೆರಳುಗುರುತಿನಷ್ಟು ಜಾಗದಲ್ಲಿ ಇದ್ದಳು. ನಮ್ಮ ನಾಲ್ಕು ಜನರಲ್ಲಿ ಅವತ್ತು ಮ್ಯೂಸಿಯಂ ನೋಡಿದವರು ಅಮ್ಮ ಒಬ್ಬರೇ.

ಊರಿಗೆ ಬಂದ ಮೇಲೆ ಈ ವಿಷಯ ತಲೆಯಲ್ಲಿ ಕೊರೆಯುತ್ತಾ ಇತ್ತು. ಸುಮ್ನೆ ಲೆಕ್ಕ ಹಾಕಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತನ್ನ ಹತ್ತಿರ ಸುಮಾರು 80 ಲಕ್ಷ ವಸ್ತುಗಳಿವೆ ಅನ್ನುತ್ತದೆ. ಜನರಿಗೆ ತೋರಿಸಲು ಇಟ್ಟಿರುವುದು ಸುಮಾರು 80,000, ಅಂದರೆ ನೂರಕ್ಕೆ ಒಂದು. ಒಂದೊಂದರ ಮುಂದೆ ಒಂದೇ ನಿಮಿಷ ನಿಂತರೂ 1,333 ಗಂಟೆ ಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ದಿನಕ್ಕೆ ಏಳು ಗಂಟೆ, ಊಟ ನೀರು ಬಿಟ್ಟು ನಿಂತರೆ 190 ದಿನ. ನಿಮ್ಮ ಪಟ್ಟಿಯಲ್ಲಿ ಇಂಥ ಮ್ಯೂಸಿಯಂಗೆ ಕೊಡುವುದು ಒಂದು ಗಂಟೆ ಹದಿನೈದು ನಿಮಿಷ. ‘ಪೂರ್ತಿ ನೋಡಿದೆವು’ ಅನ್ನುವ ಮಾತು ಯಾರ ಬಾಯಲ್ಲಿ ಬಂದರೂ ಅದು ಸುಳ್ಳೇ. ಪೂರ್ತಿ ನೋಡುವುದಕ್ಕೆ ಆಗುವುದೇ ಇಲ್ಲ ಅಂತ ಮೊದಲೇ ಒಪ್ಪಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅಳೆದವರೂ ಇದ್ದಾರೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಮಾಡಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಸರಾಸರಿ 27 ಸೆಕೆಂಡ್ ಬಂತು. ಅದರಲ್ಲಿ ಪಕ್ಕದ ಫಲಕ ಓದುವ ಹೊತ್ತೂ ಸೇರಿದೆ! ಅಲ್ಲಿ ನೋಡಿದ್ದೂ ಹೆಸರಾಂತ ಚಿತ್ರಗಳನ್ನೇ. ನಮ್ಮ ಓಟಕ್ಕೆ ಹೋಲಿಸಿದರೆ 27 ಸೆಕೆಂಡ್ ಕೂಡ ಧಾರಾಳವೇ ಅನ್ನಿ.

ಇನ್ನು ಮೋನಾ ಲಿಸಾ. ಈ ಚಿತ್ರ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ, ಅಷ್ಟೇ. ಮನೆಯ ಗೋಡೆ ಕ್ಯಾಲೆಂಡರಿಗಿಂತ ಸ್ವಲ್ಪ ದೊಡ್ಡದು. ಮುಂದೆ ಗುಂಡು ತಡೆಯುವ ಗಾಜು, ಅದರ ಮುಂದೆ ಕಟಕಟೆ, ಅದರ ಮುಂದೆ ನೂರಾರು ಫೋನ್‌ಗಳು. ಜನ ಅದಕ್ಕೆ ಬೆನ್ನು ಹಾಕಿ ತಮ್ಮದೇ ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ. ತಮಾಷೆ ಏನು ಅಂದರೆ ಅದರ ಎದುರು ಗೋಡೆಯಲ್ಲೇ ಇಡೀ ಲೂವ್ರ್‌ನ ಅತಿ ದೊಡ್ಡ ಚಿತ್ರ ಇದೆ. ಇಟಲಿಯ ಚಿತ್ರಕಾರ ವೆರೊನೀಸೆ 1563ರಲ್ಲಿ ಮುಗಿಸಿದ, ಬೈಬಲ್ಲಿನಲ್ಲಿ ಬರುವ ಕಾನಾ ಊರಿನ ಮದುವೆ. ಹತ್ತಿರ ಹತ್ತಿರ ಏಳು ಮೀಟರ್ ಎತ್ತರ, ಹತ್ತು ಮೀಟರ್ ಅಗಲ. ನೂರಕ್ಕೂ ಜಾಸ್ತಿ ಜನ ಅದರೊಳಗೆ ಊಟಕ್ಕೆ ಕೂತಿದ್ದಾರೆ, ನಡುವೆ ವಾದ್ಯದವರು, ಅವರ ಮುಂದೆ ನಾಯಿಗಳು, ಮೇಲಿನ ಕಟ್ಟೆಯಲ್ಲಿ ಮಾಂಸ ಕತ್ತರಿಸುತ್ತಿರುವವರು. ಅಂದರೆ ಮೋನಾ ಲಿಸಾ ನೋಡಲು ನಿಂತವರೆಲ್ಲರ ಬೆನ್ನೂ ಆ ಮದುವೆ ಮನೆಯ ಕಡೆಗೆ. 1797ರಲ್ಲಿ ನೆಪೋಲಿಯನ್ನನ ಸೈನ್ಯ ವೆನಿಸ್‌ನ ಒಂದು ಮಠದ ಊಟದ ಮನೆಯಿಂದ ಇದನ್ನು ಕಿತ್ತು, ತುಂಡು ಮಾಡಿ ಸಾಗಿಸಿ, ಪ್ಯಾರಿಸ್‌ನಲ್ಲಿ ಮತ್ತೆ ಹೊಲಿಸಿತು. ಅಷ್ಟು ದೂರ ಹೊತ್ತು ತಂದಿದ್ದಕ್ಕೆ ತಿರುಗಿ ನೋಡುವವರಿಲ್ಲ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. 1911ರಲ್ಲಿ ಮೋನಾ ಲಿಸಾ ಕಳುವಾಯಿತಲ್ಲ, ಆಗ ಆ ಚಿತ್ರ ಇದ್ದ ಖಾಲಿ ಜಾಗ ನೋಡಲು ಜನ ಕ್ಯೂ ನಿಂತರು. ಗೋಡೆ, ಮೊಳೆ, ಅಷ್ಟೇ. ಎರಡು ವರ್ಷ ಆದ ಮೇಲೆ ಫ್ಲಾರೆನ್ಸ್‌ನಲ್ಲಿ ಕಳ್ಳ ಸಿಕ್ಕ. ಅವನು ಲೂವ್ರ್‌ನಲ್ಲೇ ಹಿಂದೆ ಕೆಲಸ ಮಾಡಿದ್ದವನು. ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ವಸ್ತು ಇಲ್ಲದಿದ್ದರೂ ನಾವು ಹೋಗಿ ನಿಲ್ಲುತ್ತೇವೆ.

ಹಾಗಂತ ಹೆಸರಿರುವುದನ್ನು ನೋಡಬೇಡಿ ಅಂತ ಹೇಳುತ್ತಿಲ್ಲ. ಅಷ್ಟು ದೂರ ಹೋಗಿ ನೋಡದೆ ಬಂದರೆ ಮನೆಯಲ್ಲಿ ಯಾರು ಬಿಡುತ್ತಾರೆ? ಆದರೆ ಏನು ನೋಡುತ್ತಿದ್ದೇವೆ ಅಂತ ಸ್ವಲ್ಪ ಗೊತ್ತಿದ್ದರೆ ಕಥೆಯೇ ಬೇರೆ. ರೊಸೆಟ್ಟಾ ಕಲ್ಲನ್ನೇ ತೆಗೆದುಕೊಳ್ಳಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಜನ ಮುತ್ತಿಕೊಂಡಿರುವುದು ಇದರ ಸುತ್ತಲೇ. ಕಪ್ಪು ಕಲ್ಲು, ಮೇಲೆ ಇರುವೆ ಸಾಲಿನ ಹಾಗೆ ಅಕ್ಷರ. 1799ರಲ್ಲಿ ಈಜಿಪ್ಟಿನಲ್ಲಿ ಸಿಕ್ಕಿತು. ಒಂದೇ ಮಾತನ್ನು ಮೂರು ಲಿಪಿಯಲ್ಲಿ ಕೆತ್ತಿದ್ದರಿಂದ, ಮರೆತೇ ಹೋಗಿದ್ದ ಈಜಿಪ್ಟಿನ ಚಿತ್ರಲಿಪಿಯನ್ನು ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋ 1822ರಲ್ಲಿ ಬಿಡಿಸಲು ಇದು ಬೀಗದ ಕೈ ಆಯಿತು. ಅದರಲ್ಲಿ ಬರೆದಿರುವುದೇನು ಅಂದರೆ, ಪೂಜಾರಿಗಳು ಸೇರಿ ತಮ್ಮ ಹದಿಹರೆಯದ ರಾಜನನ್ನು ಹೊಗಳಿ ಹೊರಡಿಸಿದ ಒಂದು ಆಜ್ಞೆ. ಸರ್ಕಾರಿ ಸುತ್ತೋಲೆ ಇದ್ದ ಹಾಗೆ! ಇದು ಗೊತ್ತಿದ್ದು ನೋಡಿದರೆ ನಗು ಬರುತ್ತದೆ, ನಿಂತು ನೋಡೋಣ ಅನಿಸುತ್ತದೆ. ಇನ್ನೊಂದು ಗುಟ್ಟು: ಅದೇ ಕಟ್ಟಡದ ಒಂದನೇ ನಂಬರಿನ ಕೋಣೆಯಲ್ಲಿ ಈ ಕಲ್ಲಿನ ನಕಲು ಇದೆ. ಅಲ್ಲಿ ಗುಂಪಿಲ್ಲ, ಗಾಜಿಲ್ಲ, ಕೈಯಿಂದ ಮುಟ್ಟಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ಹೇಳಬೇಕಾದ್ದು ನಿಮ್ಮಂಥ ಪ್ರವಾಸ ಪುಟಗಳೇ.

ದೆಹಲಿಯಲ್ಲಿರುವ ಮೊಹೆಂಜೊದಾರೊದ ನರ್ತಕಿಯದ್ದೂ ಇದೇ ಕಥೆ. ಪಾಠದ ಪುಸ್ತಕದಲ್ಲಿ ದೊಡ್ಡದಾಗಿ ನೋಡಿ ನೋಡಿ ಆಳೆತ್ತರದ ವಿಗ್ರಹ ಅಂದುಕೊಂಡಿರುತ್ತೇವೆ. ಇರುವುದು ಹತ್ತೂವರೆ ಸೆಂಟಿಮೀಟರ್, ಅಂಗೈಯಲ್ಲಿ ನಿಲ್ಲುವಷ್ಟು. 1926ರಲ್ಲಿ ಅಗೆಯುವಾಗ ಸಿಕ್ಕ ಕಂಚಿನ ಹುಡುಗಿ, ವಯಸ್ಸು ನಾಲ್ಕು ಸಾವಿರ ವರ್ಷ ದಾಟಿದೆ. ಎಡಗೈ ತುಂಬ, ಭುಜದವರೆಗೂ ಬಳೆ, ಬಲಗೈಯಲ್ಲಿ ನಾಲ್ಕೇ ನಾಲ್ಕು. ಬಲಗೈ ಸೊಂಟದ ಮೇಲೆ ಇಟ್ಟು ‘ಏನೀಗ?’ ಅನ್ನುವ ಹಾಗೆ ಗಲ್ಲ ಎತ್ತಿ ನಿಂತಿದ್ದಾಳೆ. ದೊಡ್ಡದನ್ನು ಹುಡುಕಿಕೊಂಡು ಹೋದವರು ಅವಳನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ.

ಕಾಲು ನೋವಿನ ಬಗ್ಗೆ ಎರಡು ಮಾತು. ಮಾರ್ಕೆಟ್ಟಿನಲ್ಲಿ ಮೂರು ಗಂಟೆ ಸುತ್ತಿದರೂ ಬಾರದ ಸುಸ್ತು ಮ್ಯೂಸಿಯಂನಲ್ಲಿ ಒಂದು ಗಂಟೆಗೇ ಬರುತ್ತದೆ. ಇದು ನಮ್ಮ ಸೋಮಾರಿತನ ಅಲ್ಲ. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದ್ದ ಗಿಲ್ಮನ್ ಅನ್ನುವವರು 1916ರಲ್ಲೇ ಇದಕ್ಕೆ ‘ಮ್ಯೂಸಿಯಂ ಸುಸ್ತು’ ಅಂತ ಹೆಸರಿಟ್ಟು ಲೇಖನ ಬರೆದಿದ್ದರು. ಒಬ್ಬ ಮನುಷ್ಯ ಫಲಕ ಓದಲು ಹೇಗೆಲ್ಲ ಬಗ್ಗಬೇಕು, ಕುಕ್ಕರುಗಾಲಿನಲ್ಲಿ ಕೂರಬೇಕು, ಕತ್ತು ಉದ್ದ ಮಾಡಬೇಕು ಅಂತ ಫೋಟೊ ತೆಗೆದು ತೋರಿಸಿದ್ದರು. ತಪ್ಪು ನೋಡುವವನದ್ದಲ್ಲ, ಪೆಟ್ಟಿಗೆ ಜೋಡಿಸಿದವರದ್ದು ಅಂತ ಅವರ ವಾದ. ನೂರು ವರ್ಷ ದಾಟಿದರೂ ಎಷ್ಟೋ ಕಡೆ ಫಲಕಗಳು ಮೊಣಕಾಲ ಮಟ್ಟದಲ್ಲೇ ಇವೆ. ಜೊತೆಗೆ ನಿಧಾನವಾಗಿ ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ಎರಡು ಹೆಜ್ಜೆ, ಮತ್ತೆ ನಿಲ್ಲುವುದು. ಸರಾಗವಾಗಿ ನಡೆದರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ನಿಂತಲ್ಲೇ ನಿಂತರೆ ಆ ಕೆಲಸ ನಿಧಾನವಾಗುತ್ತದೆ, ಕಾಲು ಭಾರ ಆಗುತ್ತದೆ. ಕೆಳಗೆ ಕಲ್ಲಿನ ನೆಲ ಬೇರೆ. ಅದಕ್ಕೇ ಹೇಳುವುದು, ಬೆಂಚು ಕಂಡ ಕಡೆ ಕೂರಿ. ಸುಸ್ತಾಗುವ ಮೊದಲೇ ಕೂರಿ. ವಯಸ್ಸಾದವರಿದ್ದರೆ ಬಾಗಿಲಲ್ಲೇ ಗಾಲಿಕುರ್ಚಿ ಕೇಳಿ. ಬಹಳ ಕಡೆ ಇಟ್ಟಿರುತ್ತಾರೆ, ನಾವು ಕೇಳುವುದಿಲ್ಲ ಅಷ್ಟೇ. ನಾಚಿಕೆ ಮಾಡಿಕೊಂಡು ಅಮ್ಮನನ್ನು ನಡೆಸಿದ್ದು ನಾನು ಮಾಡಿದ ದೊಡ್ಡ ತಪ್ಪು.

ಕತ್ತಲೆ ಕೋಣೆಯ ವಿಷಯವೂ ಗೊತ್ತಾಗಿದ್ದು ಆಮೇಲೆ. ‘ಟಿಕೆಟ್ ತಗೊಂಡು ಕರೆಂಟ್ ಉಳಿಸ್ತಾರೆ’ ಅಂತ ಅವತ್ತು ಗೊಣಗಿದ್ದೆ. ಹಳೇ ಬಟ್ಟೆ, ಕಾಗದ, ನೀರುಬಣ್ಣದ ಚಿತ್ರ, ಇವಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅಂತ ಒಂದು ಲೆಕ್ಕ ಇದೆ (ಲಕ್ಸ್ ಅಂದರೆ ಬೆಳಕಿನ ಅಳತೆ). ಮಾಮೂಲಿ ಆಫೀಸಿನ ಮೇಜಿನ ಮೇಲೆ ಅದರ ಆರು, ಏಳು, ಹತ್ತು ಪಟ್ಟು ಬೆಳಕಿರುತ್ತದೆ. ಬೆಳಕಿನಿಂದ ಬಣ್ಣ ಒಂದು ಸಲ ಹೋದರೆ ಹೋಯಿತು, ಯಾವ ರಿಪೇರಿಯೂ ಅದನ್ನು ವಾಪಸ್ ತರುವುದಿಲ್ಲ. ಇವತ್ತು ಒಂದು ಗಂಟೆ, ನಾಳೆ ಒಂದು ಗಂಟೆ, ಎಲ್ಲ ಕೂಡಿಕೊಳ್ಳುತ್ತಾ ಹೋಗುತ್ತದೆ. ಅಂಥ ಕೋಣೆಗೆ ಹೊರಗಿನ ಬಿಸಿಲಿನಿಂದ ನೇರ ನುಗ್ಗಿದರೆ ಏನೂ ಕಾಣುವುದಿಲ್ಲ. ಬಾಗಿಲಲ್ಲಿ ಎರಡು ಮೂರು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ, ಜರಿ ಒಂದೊಂದೇ ಎಳೆಯಾಗಿ ಕಾಣತೊಡಗುತ್ತದೆ. ಆ ಎರಡು ಮೂರು ನಿಮಿಷಕ್ಕೆ ನಿಮ್ಮ ಪಟ್ಟಿಯಲ್ಲಿ ಜಾಗ ಎಲ್ಲಿದೆ?

ಫೋಟೊ ಬೇಡ ಅನ್ನುವ ಕಡೆಯೂ ನಾವು ಕದ್ದು ತೆಗೆಯುತ್ತೇವೆ. ಸ್ಪೇನಿನ ಪ್ರಾಡೊ ಮ್ಯೂಸಿಯಂನಲ್ಲಿ ಫೋಟೊ ಇಲ್ಲ, ವ್ಯಾಟಿಕನ್ನಿನ ಪ್ರಾರ್ಥನಾ ಮಂದಿರ ಸಿಸ್ಟೀನ್ ಚಾಪೆಲ್‌ನಲ್ಲೂ ಇಲ್ಲ. ಸಿಸ್ಟೀನ್‌ದು ಒಂದು ಸ್ವಾರಸ್ಯ. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಬರೆದ ಆ ಛಾವಣಿಯನ್ನು 1980ರ ದಶಕದಲ್ಲಿ ತೊಳೆಯುವ ಕೆಲಸಕ್ಕೆ ದುಡ್ಡು ಕೊಟ್ಟಿದ್ದು ಜಪಾನಿನ ಒಂದು ಟಿವಿ ಕಂಪನಿ, ನಿಪ್ಪಾನ್ ಟಿವಿ. ಬದಲಿಗೆ ಫೋಟೊ, ವಿಡಿಯೊ ಹಕ್ಕು ಕೆಲವು ವರ್ಷ ಅವರಿಗೆ. ಆ ಗಡುವು ಯಾವತ್ತೋ ಮುಗಿಯಿತು, ಫೋಟೊ ಬೇಡ ಅನ್ನುವುದು ಹಾಗೇ ಉಳಿಯಿತು. ಉಳಿದದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಫೋಟೊ ತೆಗೆದರೆ ನೆನಪು ಜಾಸ್ತಿ ಉಳಿಯುತ್ತದೆ ಅಂತ ಅಂದುಕೊಂಡಿರುತ್ತೇವೆ. ಲಿಂಡಾ ಹೆಂಕೆಲ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ವಿದ್ಯಾರ್ಥಿಗಳನ್ನು ಮ್ಯೂಸಿಯಂ ಸುತ್ತಿಸಿ, ಕೆಲವು ವಸ್ತುಗಳನ್ನು ಸುಮ್ಮನೆ ನೋಡಿ, ಕೆಲವುದರ ಫೋಟೊ ತೆಗೆಯಿರಿ ಅಂತ ಹೇಳಿ, ಮಾರನೇ ದಿನ ಪರೀಕ್ಷೆ ಮಾಡಿದರು. ಫೋಟೊ ತೆಗೆದವುಗಳ ನೆನಪೇ ಕಡಿಮೆ ಇತ್ತು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಆದರೆ ವಸ್ತುವಿನ ಒಂದು ಭಾಗವನ್ನಷ್ಟೇ ಜೂಮ್ ಮಾಡಿ ತೆಗೆದಾಗ ನೆನಪು ಅಷ್ಟು ಕೈಕೊಡಲಿಲ್ಲ. ನನಗೆ ಇದು ಸರಿ ಅನಿಸಿತು. ಜೂಮ್ ಮಾಡಬೇಕಾದರೆ ಮೊದಲು ನೋಡಬೇಕಲ್ಲ.

ಗೋಪುರಗಳ ವಿಷಯ ಚುಟುಕಾಗಿ ಮುಗಿಸುತ್ತೇನೆ. ಎಲ್ಲ ದೊಡ್ಡ ಊರಿನಲ್ಲೂ ಒಂದು ಇರುತ್ತದೆ, ಎಲ್ಲರೂ ತುತ್ತತುದಿಗೇ ಹೋಗಬೇಕು ಅಂತ ಲಿಫ್ಟಿನ ಮುಂದೆ ಎರಡು ಗಂಟೆ ನಿಲ್ಲುತ್ತಾರೆ. ಐಫೆಲ್ ಗೋಪುರ ಈಗ 330 ಮೀಟರ್. ಮೇಲಿನಿಂದ ನೋಡಿದರೆ ಊರು ಮ್ಯಾಪಿನ ಹಾಗೆ ಚಪ್ಪಟೆ. ಎರಡನೇ ಹಂತದಿಂದ ಕಟ್ಟಡಗಳು ಕಟ್ಟಡಗಳ ಹಾಗೆ ಕಾಣುತ್ತವೆ. ಅಲ್ಲಿಗೆ 674 ಮೆಟ್ಟಿಲು, ಮೆಟ್ಟಿಲಿನ ಕ್ಯೂ ಸಾಮಾನ್ಯವಾಗಿ ಚಿಕ್ಕದು. ಮಂಡಿ ಗಟ್ಟಿ ಇದ್ದವರಿಗೆ ಹೇಳಿದ ಮಾತು. ಮತ್ತೆ ಗೋಪುರದ ಮೇಲೆ ಹತ್ತಿದರೆ ಊರಲ್ಲಿ ಕಾಣದೇ ಇರುವುದು ಆ ಗೋಪುರ ಒಂದೇ! ಕೆಲವರಿಗೆ ಕೆಳಗೆ ಹುಲ್ಲಿನ ಮೇಲೆ ಕೂತು ನೋಡುವುದೇ ಚೆಂದ. ಇಪ್ಪತ್ತೇ ವರ್ಷ ಇರಲಿ ಅಂತ 1889ರಲ್ಲಿ ಕಟ್ಟಿದ್ದು, ರೇಡಿಯೊ ಕಂಬವಾಗಿ ಕೆಲಸಕ್ಕೆ ಬಂದಿದ್ದರಿಂದ ಕೆಡವಲಿಲ್ಲ.

ಈಗ ಆ ಪ್ರವಾಸದ ಕೊನೆಯ ದಿನದ ಕಥೆ. ಪಟ್ಟಿಯಲ್ಲಿ ಇನ್ನೂ ಮೂರು ಜಾಗ ಬಾಕಿ ಇತ್ತು. ಬೆಳಿಗ್ಗೆಯಿಂದ ಮಳೆ ಶುರುವಾಯಿತು. ಎಲ್ಲಿಗೂ ಹೋಗಲಾಗದೆ, ಲಾಡ್ಜಿನ ಹತ್ತಿರವೇ ಇದ್ದ ಒಂದು ಸಣ್ಣ ಮ್ಯೂಸಿಯಂ ಒಳಗೆ ಹೊಕ್ಕೆವು. ನಿಜ ಹೇಳಬೇಕೆಂದರೆ ಮಳೆಗೆ ನಿಂತೆವು. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಹೆಂಡತಿಯ ಫೋನು ಬ್ಯಾಗಿನಲ್ಲಿತ್ತು, ಬ್ಯಾಗನ್ನು ಬಾಗಿಲಲ್ಲಿ ಇಸಿದುಕೊಂಡಿದ್ದರು. ಮೂರೇ ಕೋಣೆ. ಓಡುವುದಕ್ಕೂ ಜಾಗ ಇಲ್ಲ.

ಎರಡನೇ ಕೋಣೆಯಲ್ಲಿ ಒಂದು ಮಣ್ಣಿನ ಮಡಕೆ ಇತ್ತು. ಫಲಕದಲ್ಲಿ ‘ಮಡಕೆ, ಮಣ್ಣು’ ಅಂತ ಬರೆದು ಕೆಳಗೆ ಒಂದು ನಂಬರ್. ಮಣ್ಣಿನದು ಅಂತ ನಮಗೂ ಕಾಣುತ್ತಿತ್ತು. ನಾನು ಮುಂದೆ ಹೋದೆ. ಮಗಳು ಬರಲಿಲ್ಲ. ತಿರುಗಿ ನೋಡಿದರೆ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಾಳೆ. ‘ಅಪ್ಪಾ, ಇದಕ್ಕೆ ಯಾಕೆ ತೂತು ಇದೆ?’ ಮಡಕೆಯ ಬಾಯಿಂದ ಹೊಟ್ಟೆಯವರೆಗೆ ಒಂದು ಸೀಳು, ಅದರ ಎರಡು ಕಡೆಯೂ ಜೋಡಿ ಜೋಡಿಯಾಗಿ ಸಣ್ಣ ತೂತು, ಕೈಯಲ್ಲಿ ಕೊರೆದ ಹಾಗೆ. ಈ ಸಲ ‘ಆಮೇಲೆ ಹೇಳ್ತೀನಿ’ ಅನ್ನಲು ಆಗಲಿಲ್ಲ. ಹೊರಗೆ ಮಳೆ, ಹೋಗುವುದಕ್ಕೆ ಎಲ್ಲೂ ಇಲ್ಲ. ಮಡಕೆ ನೇತುಹಾಕಲು ಇರಬೇಕು ಅಂದೆ. ‘ಹಾಗಾದ್ರೆ ಸೀಳಿನ ಪಕ್ಕವೇ ಯಾಕೆ?’ ಅಂದಳು. ಸರಿ ಅಲ್ವಾ?

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಕಾವಲಿನವರು ಎದ್ದು ಬಂದರು. ವಯಸ್ಸಾದವರು. ಬೈಯುತ್ತಾರೇನೋ ಅಂತ ಮಗಳು ಗಾಜಿನಿಂದ ಮೂಗು ತೆಗೆದಳು. ಅವರು ಬೈಯಲಿಲ್ಲ. ಇದು ಒಡೆದ ಮಡಕೆ, ಆ ಕಾಲದವರು ಬಿಸಾಕಲಿಲ್ಲ, ಸೀಳಿನ ಎರಡೂ ಕಡೆ ತೂತು ಕೊರೆದು ದಾರವೋ ತಂತಿಯೋ ಹಾಕಿ ಬಿಗಿದು ಹೊಲಿದರು, ದಾರ ಮಣ್ಣಾಯಿತು, ತೂತು ಉಳಿಯಿತು ಅಂತ ವಿವರಿಸಿದರು. ಆಮೇಲೆ ನಕ್ಕು ಇನ್ನೊಂದು ಮಾತು ಹೇಳಿದರು. ಆ ಕೋಣೆಗೆ ಬಂದವರು ತನ್ನನ್ನು ಕೇಳುವುದು ಎರಡೇ ಪ್ರಶ್ನೆಯಂತೆ, ಶೌಚಾಲಯ ಎಲ್ಲಿ, ಹೊರಗೆ ಹೋಗುವ ದಾರಿ ಎಲ್ಲಿ. ಮಡಕೆ ಬಗ್ಗೆ ಕೇಳಿದವಳು ನೀನೇ ಮೊದಲು ಅಂದರು. ಮಗಳ ಮುಖ ನೋಡಬೇಕಿತ್ತು. ಅಮ್ಮ ಬೆಂಚಿನಿಂದಲೇ ‘ಒಡೆದದ್ದರಲ್ಲಿ ನೀರು ನಿಲ್ಲಲ್ಲ, ಕಾಳು ಹಾಕಿಡ್ತಿದ್ರು ಅನ್ಸುತ್ತೆ’ ಅಂದರು. ಕಾವಲಿನವರು ಅಮ್ಮನ ಪಕ್ಕದಲ್ಲೇ ಕೂತರು. ಇಬ್ಬರೂ ಆ ಮಡಕೆಯೊಳಗೆ ಏನಿತ್ತು ಅಂತ ಅರ್ಧ ಗಂಟೆ ಮಾತಾಡಿದರು. ಮಳೆ ನಿಂತು ಎಷ್ಟೋ ಹೊತ್ತಾಗಿತ್ತು, ನಾವು ಗಮನಿಸಿರಲಿಲ್ಲ.

ಅವತ್ತಿನಿಂದ ನಮ್ಮ ಮನೆಯ ಲೆಕ್ಕ ಬೇರೆ ಆಗಿದೆ. ದಿನಕ್ಕೆ ಒಂದೇ ಮ್ಯೂಸಿಯಂ, ಎರಡು ಗಂಟೆ, ಆಮೇಲೆ ಬಾಗಿಲಲ್ಲಿ ಯಾರು ತಡೆದರೂ ಹೊರಗೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗುತ್ತೇವೆ, ಎಲ್ಲರೂ ಮೊದಲ ಕೋಣೆಯಲ್ಲಿ ಗುಂಪುಗೂಡುವಾಗ ನಾವು ಸೀದಾ ಕೊನೆಯ ಕೋಣೆಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬರುತ್ತೇವೆ. ಕೆಲವು ದೊಡ್ಡ ಮ್ಯೂಸಿಯಂಗಳು ವಾರದಲ್ಲಿ ಒಂದೆರಡು ದಿನ ರಾತ್ರಿಯವರೆಗೂ ತೆಗೆದಿರುತ್ತವೆ, ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ ಎಂಟೂವರೆಯವರೆಗೆ, ಮೆಟ್ರೊಪಾಲಿಟನ್ ಶುಕ್ರವಾರ ಮತ್ತು ಶನಿವಾರ ಒಂಬತ್ತರವರೆಗೆ. ಆ ಹೊತ್ತಿಗೆ ಪ್ರವಾಸದ ಬಸ್ಸುಗಳು ಹೋಗಿರುತ್ತವೆ, ಕೋಣೆಗಳು ತಣ್ಣಗಿರುತ್ತವೆ. ಪ್ರವೇಶ ಪುಕ್ಕಟೆ ಇರುವ ಕಡೆ ಒಂದೇ ಸಲ ನಾಲ್ಕು ಗಂಟೆ ಸಾಯುವುದಕ್ಕಿಂತ ಎರಡು ದಿನ ಒಂದೊಂದು ಗಂಟೆ ಹೋಗುವುದು ಎಷ್ಟೋ ಮೇಲು. ಮಗಳ ಕೈಗೆ ಪೆನ್ಸಿಲ್, ಪುಸ್ತಕ ಕೊಡುತ್ತೇವೆ. ಪೆನ್ನು ಬೇಡ ಅನ್ನುತ್ತಾರೆ, ಶಾಯಿ ತಾಗಿದರೆ ಹೋಗುವುದಿಲ್ಲವಲ್ಲ. ಬರೆಯಲು ಕೂತ ಮಗು ಇಪ್ಪತ್ತು ನಿಮಿಷ ಒಂದೇ ವಸ್ತು ನೋಡುತ್ತದೆ, ಯಾರೂ ಹೇಳದೆಯೇ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಗಂಟೆ ನಿಮಿಷದ ಪಟ್ಟಿ ನಿಲ್ಲಿಸಿ. ಆ ಜಾಗದಲ್ಲಿ ವಾರದ ರಜೆ ಯಾವತ್ತು, ಕೊನೆಯ ಪ್ರವೇಶ ಎಷ್ಟು ಹೊತ್ತಿಗೆ, ಬೆಂಚು ಎಲ್ಲಿದೆ, ಲಿಫ್ಟ್ ಇದೆಯಾ, ಬ್ಯಾಗ್ ಎಲ್ಲಿ ಇಡಬೇಕು, ಇವನ್ನು ಹಾಕಿ. ಇನ್ನು ಅರ್ಧ ಪುಟ ಉಳಿಯುತ್ತದೆ. ಅಲ್ಲಿ ವಾರಕ್ಕೆ ಒಂದೇ ಒಂದು ವಸ್ತುವಿನ ಬಗ್ಗೆ ಬರೆಸಿ, ಯಾವ ಕೋಣೆಯಲ್ಲಿದೆ, ಎಷ್ಟು ದೊಡ್ಡದು, ಯಾರು ಮಾಡಿದರು, ಅದರಲ್ಲಿ ಎಲ್ಲಿ ಕಣ್ಣು ಹಾಯಿಸಬೇಕು ಅಂತ. ಹತ್ತು ಜಾಗದ ಹೆಸರು ಯಾರು ಬೇಕಾದರೂ ಫೋನಿನಲ್ಲಿ ಹುಡುಕಿಕೊಳ್ಳುತ್ತಾರೆ.

ಆ ಹೊಲಿದ ಮಡಕೆಯದ್ದು ಮಾತ್ರ ನಮ್ಮ ಹತ್ತಿರ ಒಂದೂ ಫೋಟೊ ಇಲ್ಲ. ಮಗಳು ನೆನಪಿನಿಂದ ಬರೆದ ಚಿತ್ರ ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ. ಅದರಲ್ಲಿ ಎಂಟು ತೂತು ಇದೆ. ಆರೇ ಇದ್ದದ್ದು ಅಂತ ನನ್ನ ವಾದ. ಅಮ್ಮ ಹತ್ತು ಅನ್ನುತ್ತಾರೆ. ಈ ರಜೆಯಲ್ಲಿ ಎಣಿಸಿಕೊಂಡು ಬರಲು ಹೋಗುತ್ತಿದ್ದೇವೆ. ಅಲ್ಲಿ ವಾರದ ರಜೆ ಯಾವತ್ತು ಅಂತ ಈ ಸಲ ಫೋನ್ ಮಾಡಿ ಕೇಳಿಕೊಂಡಿದ್ದೇನೆ.

ಇತಿ,
ನಿಮ್ಮ ಹಳೆಯ ಓದುಗ